ಕೆಓ ಎಣಿಸಿದರೆ ಸಾಲದು: ಪೋಕೆಮಾನ್ ಟೀಮಿನ ಒಬ್ಬೊಬ್ಬ ಸದಸ್ಯನನ್ನೂ ಅಳೆಯುವ ಸಮಗ್ರ ಮಾರ್ಗದರ್ಶಿ

ಒಂದು ಮ್ಯಾಚ್ ಸೋತ ಕೂಡಲೇ "ಗುರು, ಇದು ಒಂದೂ ಕೆಓ ಮಾಡ್ಲಿಲ್ಲ, ತೆಗೆದು ಬಿಸಾಕು ಅತ್ಲಾಗೆ" ಅನ್ನುವ ಮಾತು (ಕೆಓ ಅಂದರೆ ಎದುರಿನ ಪೋಕೆಮಾನನ್ನು ಬೀಳಿಸುವುದು) ತುಮಕೂರಿನ ಯಾವ ಹಾಸ್ಟೆಲ್ ರೂಮಿನಲ್ಲಾದರೂ ಕೇಳಿಸುವಂಥದ್ದು. ಬಿಸಾಕುತ್ತಾರೆ ಕೂಡ. ಆ ಜಾಗಕ್ಕೆ ದೊಡ್ಡ ಅಟ್ಯಾಕ್ ಇರುವ ಇನ್ನೊಂದು ಬಂದು ಕೂರುತ್ತದೆ. ಮಾರನೆಯ ದಿನದಿಂದ ಟೀಮ್ ಇನ್ನೂ ಜಾಸ್ತಿ ಸೋಲುತ್ತದೆ, ಯಾಕೆ ಅಂತ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ತಪ್ಪು ಆಗುವುದು ಮೂರು ಕಡೆ. ಬೀಳಿಸಿದ ಲೆಕ್ಕ ಮಾತ್ರ ನೋಡುತ್ತಾರೆ, ಸ್ಟ್ಯಾಟ್‌ಗಳ (ಎಚ್‌ಪಿ ಅಂದರೆ ಜೀವಬಲ, ಅಟ್ಯಾಕ್, ಡಿಫೆನ್ಸ್, ಸ್ಪೀಡ್ ಇಂಥ ಅಂಕಿಗಳ) ಒಟ್ಟು ಮೊತ್ತ ನೋಡಿ ಮರುಳಾಗುತ್ತಾರೆ, ಒಂದೆರಡು ಮ್ಯಾಚಿಗೇ ತೀರ್ಪು ಕೊಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. 7ನೇ ಹಂತದಿಂದ ಶುರು ಮಾಡಿ ಆಮೇಲೆ ಹಿಂದಕ್ಕೆ ಬಂದರೆ ಬರೆದಿಟ್ಟ ಅರ್ಧ ಲೆಕ್ಕ ದಂಡ.

ಇಲ್ಲಿನ ಅಂಕಿಗಳೆಲ್ಲ ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳ ಡಬಲ್ಸ್‌ಗೆ, ಅಂದರೆ ಒಂದು ಸಲಕ್ಕೆ ಎರಡೆರಡು ಪೋಕೆಮಾನ್ ಎದುರುಬದುರಾಗುವ ಆಟಕ್ಕೆ, ಸೇರಿದವು: ಲೆವೆಲ್ 50, ಆರು ಪೋಕೆಮಾನ್ ತೋರಿಸಿ ನಾಲ್ಕನ್ನು ಆಡಿಸುವ ಪದ್ಧತಿ. ಸಿಂಗಲ್ಸ್ ಆಡುವವರಿಗೆ ಏನೇನು ಬದಲಾಗುತ್ತದೆ ಅನ್ನುವುದು 8ನೇ ಹಂತದ ನಂತರ ಇದೆ.

## ಮೊದಲು ಕೈಗೆ ಬೇಕಾದ್ದು

ಪೋಕೆಮಾನ್ ಶೋಡೌನ್ ಅನ್ನುವ ಆನ್‌ಲೈನ್ ಕಾದಾಟದ ತಾಣದಲ್ಲಿ ಒಂದು ಹೆಸರು. ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡು ಬೇಡ, ಟೀಮನ್ನು ಎರಡು ನಿಮಿಷದಲ್ಲಿ ಬದಲಿಸಬಹುದು. ಸ್ವಿಚ್ ಕನ್ಸೋಲ್‌ನಲ್ಲೇ ಆಡುವವರೂ ಪರೀಕ್ಷೆಯನ್ನು ಇಲ್ಲಿ ಮಾಡುವುದು ಒಳ್ಳೆಯದು. ಒಂದೊಂದು ಬದಲಾವಣೆಗೂ ಅಲ್ಲಿ ಹೊಸದಾಗಿ ಸಾಕಿ ತಯಾರು ಮಾಡುತ್ತ ಕೂತರೆ ತಿಂಗಳು ಕಳೆಯುತ್ತದೆ.

ಶೋಡೌನ್‌ನವರದೇ ಡ್ಯಾಮೇಜ್ ಕ್ಯಾಲ್ಕುಲೇಟರ್, ಯಾರ ಏಟಿಗೆ ಯಾರ ಎಚ್‌ಪಿ ಎಷ್ಟು ಹೋಗುತ್ತದೆ ಅಂತ ಹೇಳುವಂಥದ್ದು. ಜೊತೆಗೆ ಸ್ಮೋಗಾನ್ ಅನ್ನುವ ಆಟಗಾರರ ಜಾಲತಾಣ ತಿಂಗಳಿಗೊಮ್ಮೆ ಹೊರಡಿಸುವ ಬಳಕೆಯ ಪಟ್ಟಿ: ಯಾವ ಪೋಕೆಮಾನ್ ಎಷ್ಟು ಟೀಮ್‌ಗಳಲ್ಲಿದೆ, ಅದರ ಕೈಯಲ್ಲಿ ಯಾವ ಐಟಂ, ಯಾವ ಮೂವ್ ಅನ್ನುವುದೆಲ್ಲ ಅದರಲ್ಲಿರುತ್ತದೆ.

ಒಂದು ನೋಟ್‌ಬುಕ್. ಮಂಡಿಪೇಟೆಯ ಅಂಗಡಿಯವರು ಇಟ್ಟುಕೊಳ್ಳುವಂಥ ಉದ್ದನೆಯ ಲೆಕ್ಕದ ಪುಸ್ತಕವಾದರೆ ಇನ್ನೂ ಅನುಕೂಲ, ಒಂದು ಪುಟಕ್ಕೆ 30 ಮ್ಯಾಚ್ ಹಿಡಿಯುತ್ತದೆ. ಮೊಬೈಲ್ ನೋಟ್ಸ್‌ನಲ್ಲಿ ಬರೆದುಕೊಳ್ಳುವವರು ಸಾಮಾನ್ಯವಾಗಿ ಎಂಟನೇ ಮ್ಯಾಚಿಗೆ ಬಿಟ್ಟುಬಿಡುತ್ತಾರೆ.

## ಹಂತ 1: ಎದುರು ಯಾರು ಬರುತ್ತಾರೆ ಅಂತ ಬರೆದುಕೊಳ್ಳಿ

ಬಳಕೆಯ ಪಟ್ಟಿಯಿಂದ ಮೇಲಿನ 12 ಪೋಕೆಮಾನ್‌ಗಳನ್ನು ಒಂದರ ಕೆಳಗೊಂದು ಬರೆಯಿರಿ. ನೀವು ಆಡುವ ನಿಯಮಾವಳಿಯ ಪಟ್ಟಿಯೇ ಆಗಿರಲಿ, ಕಳೆದ ವರ್ಷದ್ದಲ್ಲ. ಈ ಪಟ್ಟಿಗಳು ಆಟಗಾರರ ರೇಟಿಂಗ್ ಪ್ರಕಾರ ಬೇರೆ ಬೇರೆ ಇರುತ್ತವೆ. ಎಲ್ಲರನ್ನೂ ಸೇರಿಸಿದ ಪಟ್ಟಿಯಲ್ಲಿ ಮುದ್ದಿಗೆ ಆಡಿಸುವವೂ ತುಂಬಿರುತ್ತವೆ, ಹಾಗಾಗಿ ಮೇಲ್ದರ್ಜೆಯದ್ದನ್ನೇ ತೆಗೆದುಕೊಳ್ಳಿ.

ಮುಂದಿನ ಪ್ರತಿ ಲೆಕ್ಕವೂ ಈ ಹನ್ನೆರಡರ ಎದುರು. "ಇದು ಚೆನ್ನಾಗಿದೆ" ಅನ್ನುವ ಮಾತಿಗೆ ಯಾರ ಎದುರು ಅಂತ ಹೇಳದಿದ್ದರೆ ಅರ್ಥವಿಲ್ಲ.

## ಹಂತ 2: ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಆರೂ ಸದಸ್ಯರ ಹೆಸರಿನ ಮುಂದೆ ಒಂದೊಂದು ವಾಕ್ಯ. ವಾಕ್ಯದಲ್ಲಿ ಕ್ರಿಯೆ ಇರಬೇಕು, ಯಾವ ಟರ್ನ್‌ನಲ್ಲಿ ಅನ್ನುವುದಿರಬೇಕು. "ವಿಮ್ಸಿಕಾಟ್: ಮೊದಲ ಟರ್ನ್‌ನಲ್ಲೇ ಟೇಲ್‌ವಿಂಡ್ ಹಾಕುತ್ತದೆ, ಬದುಕಿದ್ದರೆ ಎದುರಿನವನಿಗೆ ಎನ್‌ಕೋರ್ ಮಾಡುತ್ತದೆ." ಇದು ಸರಿಯಾದ ವಾಕ್ಯ. (ಟೇಲ್‌ವಿಂಡ್ ನಮ್ಮ ಕಡೆಯವರ ಸ್ಪೀಡನ್ನು ಎರಡು ಪಟ್ಟು ಮಾಡುವ ಮೂವ್, ಎನ್‌ಕೋರ್ ಎದುರಿನವನು ಹಿಂದಿನ ಮೂವನ್ನೇ ಮತ್ತೆ ಮಾಡುವಂತೆ ಕಟ್ಟಿಹಾಕುವ ಮೂವ್.) "ವಿಮ್ಸಿಕಾಟ್: ಸಪೋರ್ಟ್" ಅಂದರೆ ಏನೂ ಹೇಳಿದಂತಾಗಲಿಲ್ಲ.

ವಾಕ್ಯದಲ್ಲಿ ಮೂರು ಸಲ "ಅಥವಾ" ಬಂದರೆ ಅದೇ ಮೊದಲ ಅಪಾಯದ ಗುರುತು. ಎಲ್ಲ ಮಾಡಬಲ್ಲೆ ಅನ್ನುವವನು ಟೀಮಿನಲ್ಲಿ ಯಾವುದನ್ನೂ ಪೂರ್ತಿ ಮಾಡುವುದಿಲ್ಲ. ಇಬ್ಬರ ವಾಕ್ಯ ಒಂದೇ ಆಗಿದ್ದರೆ ಇಬ್ಬರಲ್ಲಿ ಒಬ್ಬರು ಹೆಚ್ಚುವರಿ, ಅದನ್ನು 9ನೇ ಹಂತದಲ್ಲಿ ಬಿಡಿಸೋಣ.

ಊರ ವಾಲಿಬಾಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಯಿಂಟ್ ಬೀಳುವುದು ಸ್ಮ್ಯಾಶ್ ಹೊಡೆದವನಿಗೆ. ನೆಟ್ ಪಕ್ಕ ನಿಂತು ಚೆಂಡು ಎತ್ತಿಕೊಡುವವನನ್ನು ಕೂರಿಸಿ ಅಲ್ಲೂ ಇನ್ನೊಬ್ಬ ಸ್ಮ್ಯಾಶರ್‌ನನ್ನು ನಿಲ್ಲಿಸಿ ನೋಡಿ, ಗೊತ್ತಾಗುತ್ತದೆ.

## ಹಂತ 3: ಸ್ಟ್ಯಾಟ್‌ನ ಒಟ್ಟು ಮೊತ್ತ ಬಿಡಿ, ಬೇಕಾದ ಎರಡು ಅಂಕಿ ನೋಡಿ

ಸ್ಲೇಕಿಂಗ್‌ನ ಆರು ಮೂಲ ಸ್ಟ್ಯಾಟ್ ಕೂಡಿದರೆ 670. ಅಮೂಂಗಸ್‌ದು 464. ಮೊತ್ತ ನೋಡುವವನು ಕಣ್ಣು ಮುಚ್ಚಿ ಸ್ಲೇಕಿಂಗ್ ಹಾಕುತ್ತಾನೆ. ಆದರೆ ಸ್ಲೇಕಿಂಗ್‌ನ ಅಬಿಲಿಟಿ, ಅಂದರೆ ಹುಟ್ಟುಗುಣ, ಟ್ರೂಅಂಟ್. ಒಂದು ಟರ್ನ್ ಹೊಡೆದರೆ ಮುಂದಿನ ಟರ್ನ್ ಸೋಮಾರಿಯಾಗಿ ಬಿದ್ದುಕೊಳ್ಳುತ್ತದೆ. ಅಂದರೆ ಅಷ್ಟು ಅಟ್ಯಾಕ್ ಇದ್ದೂ ಅರ್ಧ ಟರ್ನ್‌ಗಳು ಖಾಲಿ. ಅಮೂಂಗಸ್ ಕೈಯಲ್ಲಿ ಎದುರಿನವನನ್ನು ನಿದ್ದೆಗೆ ಕೆಡಹುವ, ಗುರಿ ತಪ್ಪದ ಸ್ಪೋರ್ ಇದೆ, ಜೊತೆಗಾರನಿಗೆ ಬೀಳುವ ಏಟನ್ನು ತನ್ನತ್ತ ಎಳೆದುಕೊಳ್ಳುವ ರೇಜ್ ಪೌಡರ್ ಇದೆ, ರೀಜನರೇಟರ್ ಅಬಿಲಿಟಿ ಇದ್ದರೆ ಸ್ವಿಚ್ ಆಗಿ ಹೊರಗೆ ಹೋದಾಗಲೆಲ್ಲ ಮೂರನೇ ಒಂದು ಭಾಗ ಎಚ್‌ಪಿ ಮರಳುತ್ತದೆ. ಸ್ಪೀಡ್ ಬರೀ 30 ಇರುವುದೂ, ನಿಧಾನದವರೇ ಮೊದಲು ಆಡುವ ಟ್ರಿಕ್ ರೂಮ್‌ನಲ್ಲಿ ವರವೇ.

ಮೊತ್ತ ಮೋಸ ಮಾಡುವುದು ಯಾಕೆಂದರೆ ಬಳಸದ ಸ್ಟ್ಯಾಟ್ ಕೂಡ ಅದರಲ್ಲಿ ಸೇರಿರುತ್ತದೆ. ಕೈಯಿಂದ (ಅಂದರೆ ಫಿಸಿಕಲ್ ಮೂವ್‌ಗಳಿಂದ) ಹೊಡೆಯುವವನಿಗೆ ಸ್ಪೆಷಲ್ ಅಟ್ಯಾಕ್ ಎಷ್ಟಿದ್ದರೂ ಸೊನ್ನೆಯೇ. ಆದ್ದರಿಂದ 2ನೇ ಹಂತದ ವಾಕ್ಯಕ್ಕೆ ಬೇಕಾದ ಎರಡೇ ಅಂಕಿಗಳಿಗೆ ಗೆರೆ ಎಳೆಯಿರಿ, ಅಬಿಲಿಟಿಯನ್ನು ಪಕ್ಕದಲ್ಲಿ ಬರೆಯಿರಿ, ಉಳಿದ ನಾಲ್ಕನ್ನು ಮರೆತುಬಿಡಿ.

ಇವಿ (ತರಬೇತಿಯಿಂದ ಸ್ಟ್ಯಾಟ್‌ಗೆ ಸೇರಿಸುವ ಅಂಕ) ಹಂಚುವಾಗಲೂ ಹಾಗೆಯೇ. ಒಟ್ಟು 510, ಒಂದು ಸ್ಟ್ಯಾಟ್‌ಗೆ ಗರಿಷ್ಠ 252. ಐವಿ (ಹುಟ್ಟಿನಿಂದಲೇ ಬಂದ ಅಂಕ) 31 ಇದ್ದರೆ ಲೆವೆಲ್ 50ರಲ್ಲಿ ಮೊದಲ 4 ಇವಿಗೆ ಒಂದು ಅಂಕ, ಆಮೇಲೆ ಪ್ರತಿ 8ಕ್ಕೆ ಒಂದು. ಅಂದರೆ ಉಪಯೋಗಕ್ಕೆ ಬರುವ ಮೆಟ್ಟಿಲುಗಳು 4, 12, 20, 28 ಹೀಗೆ. ಒಂದು ಸ್ಟ್ಯಾಟ್‌ಗೆ 8 ಇಟ್ಟರೆ 4 ಇಟ್ಟಷ್ಟೇ ಫಲ, ಉಳಿದ 4 ನೀರಲ್ಲಿ ಹೋಮ. 252, 252, 4 ಅಂತ ಯಾಂತ್ರಿಕವಾಗಿ ತುಂಬಿದ ಸದಸ್ಯನನ್ನು "ಕೆಲಸಕ್ಕೆ ಬಾರದ್ದು" ಅನ್ನುವ ಮೊದಲು ಈ ಹಂಚಿಕೆ ಸರಿ ಇದೆಯೇ ನೋಡಿ.

## ಹಂತ 4: ಸ್ಪೀಡ್‌ನ ಸಾಲು ಹಾಕಿ

ನಿಮ್ಮ ಆರು ಮತ್ತು ಎದುರಿನ ಹನ್ನೆರಡು, ಒಟ್ಟು 18 ಪೋಕೆಮಾನ್‌ಗಳ ಸ್ಪೀಡನ್ನು ಲೆವೆಲ್ 50ರಲ್ಲಿ ಲೆಕ್ಕ ಹಾಕಿ ಮೇಲಿಂದ ಕೆಳಕ್ಕೆ ಬರೆಯಿರಿ. ಕ್ಯಾಲ್ಕುಲೇಟರ್‌ನಲ್ಲಿ ಈ ಅಂಕಿ ತಾನೇ ಕಾಣಿಸುತ್ತದೆ.

ಇಲ್ಲಿ ಒಂದಂಕಿಯ ವ್ಯತ್ಯಾಸವೂ ಪೂರ್ತಿ ವ್ಯತ್ಯಾಸವೇ. ಸ್ಪೀಡ್ ಹೆಚ್ಚಿಸುವ ಜಾಲಿ ಸ್ವಭಾವ, ಸ್ಪೀಡಿಗೆ 252 ಇವಿ ಇರುವ ಗಾರ್ಚಾಂಪ್‌ನ ಸ್ಪೀಡ್ 169. ಮೂಲ ಸ್ಪೀಡ್ 100 ಇರುವವು ಎಷ್ಟೇ ತಿಣುಕಿದರೂ 167. ಹಾಗಾಗಿ ಅವು ಯಾವಾಗಲೂ ಗಾರ್ಚಾಂಪ್‌ನ ಹಿಂದೆ. 168 ಆದರೂ ಅಷ್ಟೇ, 120 ಆದರೂ ಅಷ್ಟೇ.

ಇನ್ಸಿನರೋರ್‌ಗೆ ಸ್ಪೀಡ್ ಇವಿ ಏನೂ ಕೊಡದಿದ್ದರೆ, ಸ್ವಭಾವವೂ ಸ್ಪೀಡನ್ನು ಮುಟ್ಟದಿದ್ದರೆ, 80. ಟೇಲ್‌ವಿಂಡ್ ಬಿದ್ದ ಮೇಲೆ ಎರಡು ಪಟ್ಟಾಗಿ 160. ಟೇಲ್‌ವಿಂಡ್ ಇದ್ದೂ ಗಾರ್ಚಾಂಪ್ ಮೊದಲು ಹೊಡೆಯುತ್ತದೆ! 36 ಇವಿ ಸ್ಪೀಡಿಗೆ ಇಟ್ಟರೆ 85, ಎರಡು ಪಟ್ಟು 170, ಒಂದಂಕಿಯಲ್ಲಿ ಮುಂದೆ. "ಟೇಲ್‌ವಿಂಡ್ ಹಾಕಿದ್ರೂ ಇದು ಲೇಟು" ಅಂತ ಬೈಸಿಕೊಳ್ಳುವ ಎಷ್ಟೋ ಸದಸ್ಯರ ಕಾಯಿಲೆ ಇಂಥ 36 ಇವಿಯಲ್ಲಿ ವಾಸಿಯಾಗುತ್ತದೆ.

ಟೇಲ್‌ವಿಂಡ್ ಹಾಕಿದ ಟರ್ನ್ ಸೇರಿ ಇರುವುದು 4 ಟರ್ನ್, ಟ್ರಿಕ್ ರೂಮ್ 5. ಇದನ್ನು ನೆನಪಿಡಿ, 7ನೇ ಹಂತದಲ್ಲಿ ಬೇಕಾಗುತ್ತದೆ.

## ಹಂತ 5: ಕೊಟ್ಟ ಏಟು, ತಿಂದ ಏಟು, ತಡೆದ ಏಟು

ಕೊಟ್ಟ ಏಟನ್ನು ಎಲ್ಲರೂ ನೋಡುತ್ತಾರೆ. ತಿಂದದ್ದನ್ನು ಕೆಲವರು ನೋಡುತ್ತಾರೆ. ತಡೆದದ್ದನ್ನು ನೋಡುವವರೇ ಇಲ್ಲ, ಯಾಕೆಂದರೆ ಅದು ಪರದೆಯ ಮೇಲೆ ಕಾಣುವುದಿಲ್ಲ. ಒಂದೇ ಉದಾಹರಣೆಯನ್ನು ಪೂರ್ತಿ ಬಿಡಿಸೋಣ.

ಎದುರಿಗೆ ಗಾರ್ಚಾಂಪ್, ಜಾಲಿ, ಅಟ್ಯಾಕ್‌ಗೆ 252 ಇವಿ. ನಿಮ್ಮ ಕಡೆ ಇನ್ಸಿನರೋರ್, ಎಚ್‌ಪಿಗೆ 252 ಇವಿ, ಡಿಫೆನ್ಸ್‌ಗೆ ಏನೂ ಇಲ್ಲ. ಇನ್ಸಿನರೋರ್‌ನ ಎಚ್‌ಪಿ 202. ಡಬಲ್ಸ್‌ನಲ್ಲಿ ಅರ್ತ್‌ಕ್ವೇಕ್ ಎಲ್ಲರಿಗೂ ಬೀಳುವ ಮೂವ್, ಹಾಗಾಗಿ ಅದರ ಬಲ ಮುಕ್ಕಾಲು. ಆದರೂ ಬೆಂಕಿ ಟೈಪ್‌ಗೆ ಎರಡು ಪಟ್ಟು. ಕ್ಯಾಲ್ಕುಲೇಟರ್ ಕೊಡುವ ಉತ್ತರ 138ರಿಂದ 164. ಎರಡು ಏಟಿಗೆ ಕಥೆ ಮುಗಿಯಿತು.

ಈಗ ಇನ್ಸಿನರೋರ್ ಒಳಗೆ ಬರುವಾಗ ಅದರ ಇಂಟಿಮಿಡೇಟ್ ಅಬಿಲಿಟಿ ಕೆಲಸ ಮಾಡಿದೆ ಅಂತ ಗುರುತು ಹಾಕಿ. ಗಾರ್ಚಾಂಪ್‌ನ ಅಟ್ಯಾಕ್ ಒಂದು ಮೆಟ್ಟಿಲು ಇಳಿದು ಮೂರರಲ್ಲಿ ಎರಡು ಪಾಲಾಗುತ್ತದೆ. ಏಟು 92ರಿಂದ 110. ಎರಡು ಏಟಿಗೆ 184ರಿಂದ 220, ಬಿದ್ದರೂ ಬೀಳಬಹುದು, ನಿಂತರೂ ನಿಲ್ಲಬಹುದು. ಒಂದೊಂದು ಏಟಿಗೆ ಸುಮಾರು 50 ಎಚ್‌ಪಿ ಉಳಿಯಿತು. ಆ ಅರ್ತ್‌ಕ್ವೇಕ್ ಪಕ್ಕದಲ್ಲಿ ನಿಂತಿದ್ದ ನಿಮ್ಮ ಇನ್ನೊಬ್ಬನಿಗೂ ಕಡಿಮೆಯಾಗಿಯೇ ಬಿತ್ತು. ಗಾರ್ಚಾಂಪ್‌ನ ಜೊತೆಗಿರುವವನೂ ಕೈಯಿಂದ ಹೊಡೆಯುವವನಾದರೆ ಅವನ ಅಟ್ಯಾಕ್ ಕೂಡ ಇಳಿದಿದೆ. ಇಷ್ಟಾದರೂ ಇನ್ಸಿನರೋರ್ ಇನ್ನೂ ಒಂದು ಮೂವ್ ಕೂಡ ಮಾಡಿಲ್ಲ! ಕೆಓ ಎಣಿಸುವವನ ಪುಸ್ತಕದಲ್ಲಿ ಇದೆಲ್ಲ ಸೊನ್ನೆ.

ನಿಮ್ಮ ಪ್ರತಿ ಸದಸ್ಯನಿಗೂ ಹನ್ನೆರಡು ಎದುರಾಳಿಗಳ ಮುಂದೆ ಹೀಗೆ ಲೆಕ್ಕ ಮಾಡಿ ಒಂದೊಂದು ಗುರುತು ಹಾಕಿ: 2ನೇ ಹಂತದಲ್ಲಿ ಬರೆದ ಕೆಲಸ ಇವನ ಎದುರು ಆಗುತ್ತದೆಯೇ, ಇಲ್ಲವೇ. ಏಳಕ್ಕಿಂತ ಹೆಚ್ಚು ಕಡೆ ಆಗುತ್ತದೆ ಅಂದರೆ ಆ ಸದಸ್ಯ ಗಟ್ಟಿ. ನಾಲ್ಕು ಅಥವಾ ಕಡಿಮೆ ಅಂದರೆ ಅನುಮಾನ. ಆದರೆ ಆ ನಾಲ್ಕರಲ್ಲಿ ಟೀಮಿನ ಉಳಿದ ಐವರೂ ಹೆದರುವವನೊಬ್ಬ ಇದ್ದರೆ ಕೈ ಹಚ್ಚಬೇಡಿ.

ಈ ಹಂತದಲ್ಲಿ ಪದೇ ಪದೇ ಆಗುವ ತಪ್ಪುಗಳು ಇವು.

ಗರಿಷ್ಠ ಅಂಕಿ ಮಾತ್ರ ಓದುವುದು. ಪ್ರತಿ ಏಟಿಗೂ 85ರಿಂದ 100 ಶೇಕಡಾವರೆಗೆ 16 ಸಾಧ್ಯತೆಗಳಿವೆ. ಕ್ಯಾಲ್ಕುಲೇಟರ್ "6.3 ಶೇಕಡಾ ಕೆಓ" ಅಂದರೆ ಹದಿನಾರರಲ್ಲಿ ಒಂದು ಸಲ ಮಾತ್ರ. ಅದನ್ನು "ಕೆಓ ಆಗುತ್ತೆ" ಅಂತ ಬರೆದುಕೊಳ್ಳುವವರಿದ್ದಾರೆ.

ಗುರಿ ತಪ್ಪುವುದನ್ನು ಮರೆಯುವುದು. 80 ಶೇಕಡಾ ಮೂವ್ ಎರಡು ಸಲ ಸಾಲಾಗಿ ತಗುಲುವುದು 64 ಶೇಕಡಾ. 70ರದ್ದಾದರೆ 49, ನಾಣ್ಯ ಚಿಮ್ಮಿದ ಹಾಗೆ. ಎರಡು ಸಲ ತಗುಲಲೇಬೇಕಾದ ಕೆಲಸಕ್ಕೆ ಇಂಥ ಮೂವ್ ಕೊಟ್ಟಿದ್ದರೆ ದೂರಬೇಕಾದ್ದು ಸದಸ್ಯನನ್ನಲ್ಲ.

ಕ್ಯಾಲ್ಕುಲೇಟರ್‌ನಲ್ಲಿ ಡಬಲ್ಸ್ ಗುಂಡಿ ಒತ್ತದೆ ಬಿಡುವುದು, ಎದುರಿನವನ ಟೆರಾ ಟೈಪ್ (ಮ್ಯಾಚಿನ ನಡುವೆ ಅವನು ಬದಲಿಸಿಕೊಳ್ಳಬಹುದಾದ ಟೈಪ್) ಹಾಕದೆ ಬಿಡುವುದು. ಹೀಗೆ ಬಿಟ್ಟರೆ ಉತ್ತರವೇ ಬೇರೆ ಆಟದ್ದಾಗಿರುತ್ತದೆ.

ತಡೆಯುವ ಕೆಲಸ ತಿರುಗಿಬೀಳುವುದನ್ನು ಗಮನಿಸದಿರುವುದು. ಡಿಫಯಂಟ್ ಅಬಿಲಿಟಿಯ ಕಿಂಗ್ಯಾಂಬಿಟ್ ಎದುರು ಇಂಟಿಮಿಡೇಟ್ ಮಾಡಿದರೆ ಅದರ ಅಟ್ಯಾಕ್ ಒಂದು ಇಳಿದು ಎರಡು ಏರುತ್ತದೆ. ನೀವೇ ಬೆಂಕಿಗೆ ತುಪ್ಪ ಸುರಿದಂತೆ. ಸ್ಪೋರ್ ಮತ್ತು ರೇಜ್ ಪೌಡರ್ ಎರಡೂ ಹುಲ್ಲು ಟೈಪ್‌ಗೆ, ಸೇಫ್ಟಿ ಗಾಗಲ್ಸ್ ಹಾಕಿದವರಿಗೆ ತಾಗುವುದಿಲ್ಲ. ಏಟಲ್ಲದ ಮೂವ್‌ಗಳನ್ನು ಮೊದಲೇ ಮಾಡಿಸುವ ಪ್ರಾಂಕ್‌ಸ್ಟರ್ ಅಬಿಲಿಟಿಯಿಂದ ಮಾಡಿದ ಎನ್‌ಕೋರ್ ಡಾರ್ಕ್ ಟೈಪ್‌ಗೆ ತಾಗುವುದಿಲ್ಲ, ಆದರೆ ಟೇಲ್‌ವಿಂಡ್ ನಮ್ಮ ಕಡೆಗೇ ಬೀಸುವ ಗಾಳಿಯಾದ್ದರಿಂದ ಅದಕ್ಕೆ ಈ ಅಡ್ಡಿ ಇಲ್ಲ.

## ಹಂತ 6: ಜೊತೆಗಾರರ ನಡುವೆ ಜಗಳ ಇದೆಯೇ ನೋಡಿ

ಬಿಡಿಬಿಡಿಯಾಗಿ ಚೆನ್ನಾಗಿರುವ ಆರು ಮಂದಿ ಒಟ್ಟಿಗೆ ಕೂತಾಗ ಕಚ್ಚಾಡುವುದುಂಟು. ಆರರಲ್ಲಿ ಇಬ್ಬಿಬ್ಬರ ಜೋಡಿ 15. ಹದಿನೈದನ್ನೂ ಬರೆದು ಒಂದೊಂದರ ಮುಂದೆ "ಆಗುತ್ತೆ", "ಆಗಲ್ಲ" ಅಂತ ಹಾಕಿ. ಹತ್ತು ನಿಮಿಷದ ಕೆಲಸ.

ಗಾರ್ಚಾಂಪ್ ನಿಮ್ಮದೇ ಆಗಿದ್ದರೆ ಅದರ ಅರ್ತ್‌ಕ್ವೇಕ್ ಪಕ್ಕದ ಇನ್ಸಿನರೋರ್‌ಗೂ ಬೀಳುತ್ತದೆ, ಅದೂ ಎರಡು ಪಟ್ಟು. ಪಕ್ಕದಲ್ಲಿ ಪೆಲಿಪರ್ ಅಥವಾ ಟೋರ್ನಾಡಸ್‌ನಂಥ ಹಾರುವ ಟೈಪ್ ಇದ್ದರೆ ಏನೂ ಆಗುವುದಿಲ್ಲ. ಆದ್ದರಿಂದ "ಗಾರ್ಚಾಂಪ್ ಉಪಯೋಗವೇ?" ಅನ್ನುವ ಪ್ರಶ್ನೆಗೆ ಪಕ್ಕದಲ್ಲಿ ಯಾರು ಅಂತ ಕೇಳದೆ ಉತ್ತರ ಕೊಡಲು ಬರುವುದಿಲ್ಲ. ಅರ್ತ್‌ಕ್ವೇಕ್ ತೆಗೆದು ಒಬ್ಬನಿಗೇ ಬೀಳುವ ಸ್ಟಾಂಪಿಂಗ್ ಟ್ಯಾಂಟ್ರಮ್ ಕೊಟ್ಟರೆ ಎಷ್ಟೋ ಜೋಡಿಗಳು "ಆಗುತ್ತೆ" ಕಡೆಗೆ ಬರುತ್ತವೆ.

ಎರಡನೆಯ ಜಗಳ ಹಂಚಿಕೊಳ್ಳುವ ವಸ್ತುವಿನದು. ಟೆರಾ ಇಡೀ ಮ್ಯಾಚಿಗೆ ಒಂದೇ ಸಲ, ಒಬ್ಬನಿಗೇ. ಟೆರಾ ಇಲ್ಲದೆ ಕೆಲಸ ಮಾಡಲಾರದವರು ಮೂವರಿದ್ದರೆ ಪ್ರತಿ ಮ್ಯಾಚಿನಲ್ಲೂ ಇಬ್ಬರು ಉಪವಾಸ. ಒಂದೇ ಐಟಂ ಇಬ್ಬರಿಗೆ ಕೊಡುವಂತಿಲ್ಲ, ಹಾಗಾಗಿ ಪೂರ್ತಿ ಎಚ್‌ಪಿ ಇದ್ದಾಗ ಒಂದೇ ಏಟಿಗೆ ಬೀಳದಂತೆ ಉಳಿಸುವ ಫೋಕಸ್ ಸ್ಯಾಶ್ ಬೇಕೆನ್ನುವವರು ಇಬ್ಬರಿದ್ದರೆ ಒಬ್ಬನಿಗೆ ಸಿಗುವುದಿಲ್ಲ. ಟೇಲ್‌ವಿಂಡ್ ಬೇಕಾದವನೂ ಟ್ರಿಕ್ ರೂಮ್ ಬೇಕಾದವನೂ ಒಂದೇ ನಾಲ್ವರಲ್ಲಿ ಬಂದರೆ ಒಬ್ಬನ ಹಬ್ಬ ಇನ್ನೊಬ್ಬನ ತಿಥಿ.

## ಹಂತ 7: 30 ಮ್ಯಾಚ್ ಆಡಿ, ಪ್ರತಿಯೊಂದನ್ನೂ ಬರೆಯಿರಿ

ಅಸಲಿ ಪರೀಕ್ಷೆ ಇಲ್ಲಿ. ಈ 30 ಮುಗಿಯುವವರೆಗೆ ಟೀಮಿನಲ್ಲಿ ಒಂದು ಇವಿ ಕೂಡ ಬದಲಿಸಬೇಡಿ. ಹತ್ತನೇ ಮ್ಯಾಚಿಗೆ ಕೈ ತುರಿಸುತ್ತದೆ, ತಡೆದುಕೊಳ್ಳಿ.

ಪ್ರತಿ ಸದಸ್ಯನಿಗೆ ಒಂದು ಪುಟ, ಏಳು ಅಂಕಣ: ಮ್ಯಾಚ್ ಸಂಖ್ಯೆ, ನಾಲ್ವರಲ್ಲಿ ಕರೆದಿರಾ, ಮೊದಲೇ ಇಳಿದನಾ ಅಥವಾ ಹಿಂದಿನಿಂದ ಬಂದನಾ, ಬರೆದ ಕೆಲಸ ಆಯಿತಾ, ಎಷ್ಟು ಟರ್ನ್ ನಿಂತ, ಎಷ್ಟು ಬೀಳಿಸಿದ, ಅದೃಷ್ಟ ಕೈಕೊಟ್ಟಿತಾ. ಗೆದ್ದಿರೋ ಸೋತಿರೋ ಅನ್ನುವುದನ್ನು ಪುಟದ ಮೂಲೆಯಲ್ಲಿ ಸಣ್ಣದಾಗಿ ಬರೆದರೆ ಸಾಕು.

ಆಡುವ ಜಾಗವೂ ಮುಖ್ಯ. ಬೆಳಗಿನ ತುಮಕೂರು–ಬೆಂಗಳೂರು ರೈಲಿನಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ಆಡಿದ ಮ್ಯಾಚ್, ನೆಟ್‌ವರ್ಕ್ ಹೋಗಿ ಟೈಮರ್ ಮುಗಿದು ಸೋತದ್ದು, ಕರೆಂಟ್ ಹೋಗಿ ವೈಫೈ ಕಡಿದದ್ದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬರುವಷ್ಟರಲ್ಲಿ ಮುಗಿಸಿದ್ದು, ಇವು ಯಾವುವೂ ಪುಸ್ತಕಕ್ಕೆ ಬೇಡ. ಆಡಿ, ಖುಷಿಪಡಿ, ಬರೆಯಬೇಡಿ.

ಎದುರಾಳಿಗಳ ಮಟ್ಟವೂ ಅಷ್ಟೇ. ಶೋಡೌನ್ ಏಣಿ 1000ದಿಂದ ಶುರು. ತಳಭಾಗದಲ್ಲಿ ಎದುರಿನವರು ಏನು ಬೇಕಾದರೂ ಮಾಡುತ್ತಾರೆ, ಅಲ್ಲಿ ಸ್ಲೇಕಿಂಗ್ ಕೂಡ ಗೆದ್ದುಕೊಡುತ್ತದೆ. ಒಂದಷ್ಟು ಮೇಲೆ ಹತ್ತಿ, ನಿಮ್ಮ ಹನ್ನೆರಡರ ಪಟ್ಟಿಯವರು ಪದೇ ಪದೇ ಎದುರಾಗುವ ಜಾಗ ಬಂದ ಮೇಲೆ ಎಣಿಕೆ ಆರಂಭಿಸಿ.

ಈಗ ಓದುವುದು ಹೇಗೆ? ಮೊದಲು ಎರಡನೇ ಅಂಕಣ. ಆರರಲ್ಲಿ ನಾಲ್ವರನ್ನು ಕರೆಯುವುದಾದರೆ ಸರಾಸರಿ ಒಬ್ಬೊಬ್ಬನಿಗೆ 30ರಲ್ಲಿ 20 ಕರೆ. ಯಾರಾದರೂ 10ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಕೈಯೇ ಅವನನ್ನು ನಂಬುತ್ತಿಲ್ಲ ಅಂತ ಅರ್ಥ. ಬಾಯಿ ಏನು ಹೇಳಿದರೂ ಕೈ ಸುಳ್ಳು ಹೇಳುವುದಿಲ್ಲ. ಒಂದು ವಿನಾಯಿತಿ: ಅವನು ಆರರಲ್ಲಿ ಇರುವುದನ್ನು ನೋಡಿಯೇ ಎದುರಾಳಿ ತನ್ನ ಒಬ್ಬನನ್ನು ಕರೆಯದೆ ಬಿಟ್ಟರೆ ಅದೂ ದುಡಿಮೆಯೇ. ಎದುರಾಳಿಯ ಆರರಲ್ಲಿ ಬಾರದೆ ಉಳಿದವರು ಯಾರು ಅಂತ ಪಕ್ಕದಲ್ಲಿ ಬರೆದಿದ್ದರೆ ಇದು ಗೊತ್ತಾಗುತ್ತದೆ.

ಆಮೇಲೆ ನಾಲ್ಕನೇ ಅಂಕಣ. ಒಂದು ಟೀಮಿನ ಲೆಕ್ಕ ಹೀಗೆ ಬಂತು ಅಂದುಕೊಳ್ಳಿ. ವಿಮ್ಸಿಕಾಟ್: ಕರೆದದ್ದು 22, ಟೇಲ್‌ವಿಂಡ್ ಬಿದ್ದದ್ದು 19, ಎರಡನೇ ಟರ್ನ್ ಒಳಗೇ ಸತ್ತದ್ದು 13, ಬೀಳಿಸಿದ್ದು 2. ಗಾರ್ಚಾಂಪ್: ಕರೆದದ್ದು 24, ಬೀಳಿಸಿದ್ದು 21. ಹಾಸ್ಟೆಲ್ ರೂಮಿನ ತೀರ್ಪು ಗೊತ್ತೇ ಇದೆ, ವಿಮ್ಸಿಕಾಟ್ ಔಟ್. ಆದರೆ ಗಾರ್ಚಾಂಪ್‌ನ 21ರಲ್ಲಿ 16 ಟೇಲ್‌ವಿಂಡ್ ಇದ್ದ ಟರ್ನ್‌ಗಳಲ್ಲೇ ಬಂದಿದ್ದರೆ? ಗಾಳಿ ನಿಂತ ಮೇಲೆ ಗಾರ್ಚಾಂಪ್‌ಗೆ ಸಿಕ್ಕಿದ್ದು ಐದೇ ಐದು. ವಿಮ್ಸಿಕಾಟ್ 22ರಲ್ಲಿ 19 ಸಲ ತನ್ನ ಕೆಲಸ ಮುಗಿಸಿದೆ. ಇದಕ್ಕಿಂತ ನಂಬಿಕಸ್ತ ಆಳು ಆ ಟೀಮಿನಲ್ಲಿ ಇಲ್ಲ.

ಗೆಲುವು ಆಗಲೇ ಖಚಿತವಾದ ಮೇಲೆ, ಎದುರಿಗೆ ಒಬ್ಬನೇ ಉಳಿದಾಗ, ಬೀಳಿಸಿದ್ದನ್ನು ಆರನೇ ಅಂಕಣದಲ್ಲಿ ಬರೆಯಬೇಡಿ. ಯಾರಿದ್ದರೂ ಬೀಳಿಸುತ್ತಿದ್ದರು.

ಕೊನೆಯ ಅಂಕಣ ಅದೃಷ್ಟ. ಕ್ರಿಟಿಕಲ್ ಏಟಿನ (ಅದೃಷ್ಟದಿಂದ ಎಂದಿಗಿಂತ ಜೋರಾಗಿ ಬೀಳುವ ಏಟಿನ) ಸಾಧ್ಯತೆ 24ರಲ್ಲಿ ಒಂದು. ಕೇಳಲು ಕಡಿಮೆ, ಆದರೆ ಹತ್ತು ಏಟು ಬೀಳುವ ಮ್ಯಾಚಿನಲ್ಲಿ ಒಂದಾದರೂ ಕ್ರಿಟಿಕಲ್ ಆಗುವುದು ಮೂರರಲ್ಲಿ ಒಂದು ಸಲ. ಅದಕ್ಕೇ ಒಂದೇ ಮ್ಯಾಚಿನ ತೀರ್ಪು ಬೇಡ. 30 ಮ್ಯಾಚ್ ಕೂಡ ಗೆಲುವು ಸೋಲಿನ ಲೆಕ್ಕಕ್ಕೆ ಕಡಿಮೆಯೇ: ನಾಣ್ಯವನ್ನು 30 ಸಲ ಚಿಮ್ಮಿದರೂ 12ರಿಂದ 18ರ ನಡುವೆ ಎಷ್ಟು ಬೇಕಾದರೂ ಬರುತ್ತದೆ. ಹಾಗಾಗಿ "ಹೋದ ಸಲ 14, ಈ ಸಲ 16 ಗೆದ್ವಿ, ಬದಲಾವಣೆ ಫಲ ಕೊಟ್ಟಿತು" ಅನ್ನುವುದು ಬರೀ ಸಮಾಧಾನ. ಗೆಲುವಿಗಿಂತ "ಕೆಲಸ ಆಯಿತಾ" ಅಂಕಣ ಬೇಗ ನಿಜ ಹೇಳುತ್ತದೆ, ಯಾಕೆಂದರೆ ಅದಕ್ಕೆ ಉಳಿದ ಐವರ ತಪ್ಪು ಅಷ್ಟಾಗಿ ಅಂಟುವುದಿಲ್ಲ.

## ಹಂತ 8: ಸೋತ ಮ್ಯಾಚುಗಳ ರಿಪ್ಲೇ, ಮೊದಲ ಮೂರು ಟರ್ನ್ ಮಾತ್ರ

ಮ್ಯಾಚ್ ಮುಗಿದ ಕೂಡಲೇ ರಿಪ್ಲೇ ಉಳಿಸಿಕೊಳ್ಳಿ. ಸೋತವುಗಳಲ್ಲಿ ಆರೇಳನ್ನು ತೆಗೆದು ಮೂರು ಟರ್ನ್‌ವರೆಗೆ ನೋಡಿದರೆ ಸಾಕು.

ನಿಮ್ಮವನು ಏನು ಮಾಡಿದ ಅನ್ನುವುದನ್ನು ಬಿಟ್ಟು, ಅವನಿಗಾಗಿ ಎದುರಾಳಿ ಏನು ಖರ್ಚು ಮಾಡಿದ ನೋಡಿ. ಅವನನ್ನು ಕಂಡು ಏಟು ತಡೆಯುವ ಪ್ರೊಟೆಕ್ಟ್ ಹಾಕಿದನೇ, ಸ್ವಿಚ್ ಮಾಡಿದನೇ, ಟೆರಾ ಸುಟ್ಟನೇ, ಇಬ್ಬರೂ ಸೇರಿ ಅವನ ಮೇಲೇ ಬಿದ್ದರೇ? ಇಬ್ಬರೂ ಒಬ್ಬನ ಮೇಲೆ ಬಿದ್ದ ಟರ್ನ್‌ನಲ್ಲಿ ಪಕ್ಕದವನಿಗೆ ಒಂದು ಟರ್ನ್ ಪುಕ್ಕಟೆ. ಆ ಪುಕ್ಕಟೆ ಟರ್ನನ್ನು ಪಕ್ಕದವನು ಹಾಳು ಮಾಡಿದರೆ ತಪ್ಪು ಪಕ್ಕದವನದು, ಸತ್ತವನದಲ್ಲ.

ಅಪಾಯದ ಗುರುತು ಇದರ ತಿರುವು: ಎದುರಾಳಿ ನಿಮ್ಮವನನ್ನು ಲೆಕ್ಕಕ್ಕೇ ಇಡದೆ ಪಕ್ಕದವನನ್ನು ಹೊಡೆಯುತ್ತ ಹೋಗುವುದು. ಮೂರು ರಿಪ್ಲೇಗಳಲ್ಲಿ ಹೀಗೆ ಕಂಡರೆ ಆ ಸದಸ್ಯನ ಬಗ್ಗೆ ಯೋಚಿಸುವ ಸಮಯ ಬಂದಿದೆ.

## ಸಿಂಗಲ್ಸ್ ಆಡುವವರಿಗೆ

ಸ್ಮೋಗಾನ್ ನಿಯಮದ ಸಿಂಗಲ್ಸ್‌ನಲ್ಲಿ ಆರೂ ಮಂದಿ ಆಡುತ್ತಾರಾದ್ದರಿಂದ "ಕರೆದಿರಾ" ಅಂಕಣ ತೆಗೆದುಹಾಕಿ, ಅದರ ಜಾಗದಲ್ಲಿ "ಎಷ್ಟು ಸಲ ಒಳಗೆ ಬಂದ" ಅಂತ ಬರೆಯಿರಿ. ಲೆವೆಲ್ 100ರ ಆಟವಾದರೆ ಪ್ರತಿ 4 ಇವಿಗೆ ಒಂದು ಅಂಕ.

ಎದುರಾಳಿ ನಿಮ್ಮ ಕಡೆ ಸ್ಟೆಲ್ತ್ ರಾಕ್ ಅನ್ನುವ ಕಲ್ಲು ಹಾಸಿದ್ದರೆ ಬರುವಾಗಲೆಲ್ಲ, ಕಲ್ಲಿಗೆ ದುರ್ಬಲವೂ ಅಲ್ಲದ ಗಟ್ಟಿಯೂ ಅಲ್ಲದ ಟೈಪ್‌ಗೆ ಎಂಟನೇ ಒಂದು ಭಾಗ ಎಚ್‌ಪಿ ಹೋಗುತ್ತದೆ. ಕಲ್ಲಿಗೆ ದುರ್ಬಲವಾದವಕ್ಕೆ ಕಾಲು ಭಾಗ, ಚಾರಿಜಾರ್ಡ್‌ನಂಥ ಬೆಂಕಿ ಮತ್ತು ಹಾರುವ ಟೈಪ್‌ಗೆ ಅರ್ಧಕ್ಕರ್ಧ. ಒಳಗೆ ಬರಲೇ ಆಗದವನು ಎಷ್ಟು ಬಲಶಾಲಿಯಾದರೇನು? ಈ ಕಲ್ಲು ತಾಗದಂತೆ ಕಾಯುವ ಹೆವಿ ಡ್ಯೂಟಿ ಬೂಟ್ಸ್ ಹಾಕಿಸಿ ಇನ್ನೊಂದು 30 ಆಡಿದ ಮೇಲೇ ತೀರ್ಮಾನ ಮಾಡಿ.

## ಹಂತ 9: ಬದಲಿಸುವ ಕ್ರಮ

ಪುಸ್ತಕ ಒಬ್ಬನತ್ತ ಬೆರಳು ತೋರಿಸಿದರೂ ಅವನನ್ನು ಕೂಡಲೇ ತೆಗೆಯಬೇಡಿ. ಮೊದಲು ಇವಿ, ಆಮೇಲೆ ಒಂದು ಮೂವ್, ಆಮೇಲೆ ಐಟಂ, ಆಮೇಲೆ ಟೆರಾ ಟೈಪ್, ಕೊನೆಗೆ ಸದಸ್ಯ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಸದಸ್ಯನನ್ನೇ ಬದಲಿಸುವುದಾದರೆ ಅದೇ ಕೆಲಸ ಮಾಡುವ ಇನ್ನೊಬ್ಬನನ್ನು ತನ್ನಿ. ಟೇಲ್‌ವಿಂಡ್ ಹಾಕುವ ವಿಮ್ಸಿಕಾಟ್ ಹೋಗಿ ದೊಡ್ಡ ಅಟ್ಯಾಕ್‌ನವನು ಬಂದರೆ ನೀವು ಹೋಲಿಸುತ್ತಿರುವುದು ಎರಡು ಬೇರೆ ಟೀಮ್‌ಗಳನ್ನು. ವಿಮ್ಸಿಕಾಟ್ ಬದಲು ಟೋರ್ನಾಡಸ್ ತಂದರೆ ಹೋಲಿಕೆಗೆ ಬೆಲೆ ಇದೆ. ಇಬ್ಬರಿಗೂ ಪ್ರಾಂಕ್‌ಸ್ಟರ್ ಇದೆ, ಇಬ್ಬರೂ ಟೇಲ್‌ವಿಂಡ್ ಹಾಕುತ್ತಾರೆ. ಟೋರ್ನಾಡಸ್‌ನ ಏಟು ಜೋರು, ಮೂಲ ಸ್ಪೆಷಲ್ ಅಟ್ಯಾಕ್ 125. ಅದರ ಪಕ್ಕ ಗಾರ್ಚಾಂಪ್ ಧೈರ್ಯವಾಗಿ ಅರ್ತ್‌ಕ್ವೇಕ್ ಮಾಡಬಹುದು. ವಿಮ್ಸಿಕಾಟ್ ಕೈಯಲ್ಲಿ ಎನ್‌ಕೋರ್ ಇದೆ, ಜೊತೆಗೆ ಫೇರಿ ಟೈಪ್ ಆದ್ದರಿಂದ ಡ್ರಾಗನ್ ಏಟು ತಾಗುವುದೇ ಇಲ್ಲ. ನಿಮ್ಮ ಟೀಮಿಗೆ ಯಾವುದು ಬೇಕು ಅನ್ನುವುದು 6ನೇ ಹಂತದ ಹದಿನೈದು ಜೋಡಿಗಳಲ್ಲಿ ಆಗಲೇ ಬರೆದಿದೆ.

ಉಳಿದ ಐವರನ್ನು ಮುಟ್ಟದೆ ಮತ್ತೆ 30 ಮ್ಯಾಚ್. ಎರಡು ಪುಟಗಳ ನಾಲ್ಕನೇ ಅಂಕಣ ಪಕ್ಕಪಕ್ಕ ಇಡಿ. 22ರಲ್ಲಿ 19 ಇದ್ದದ್ದು 21ರಲ್ಲಿ 18 ಆದರೆ ವ್ಯತ್ಯಾಸವಿಲ್ಲ, ನಿಮಗೆ ಆಡಲು ಯಾರು ಇಷ್ಟವೋ ಅವರನ್ನೇ ಇಟ್ಟುಕೊಳ್ಳಿ. 21ರಲ್ಲಿ 11 ಆದರೆ ಹಳಬನನ್ನು ವಾಪಸ್ ಕರೆಯಿರಿ.

ತೆಗೆದವನ ಪುಟವನ್ನು ಹರಿಯಬೇಡಿ. ಮೇಲೆ ತಾರೀಖು ಮತ್ತು ಆಗಿನ ನಿಯಮಾವಳಿಯ ಹೆಸರು ಬರೆದಿಡಿ. ನಿಯಮ ಬದಲಾಗಿ ಹೊಸ ಪೋಕೆಮಾನ್‌ಗಳು ಬಂದ ತಿಂಗಳಲ್ಲಿ 1ನೇ ಹಂತದ ಹನ್ನೆರಡರ ಪಟ್ಟಿ ಹೊಸದಾಗುತ್ತದೆ, ಆಗ 5ನೇ ಹಂತದ ಗುರುತುಗಳನ್ನು ಮಾತ್ರ ಮತ್ತೆ ಹಾಕಿ ನೋಡಿದರೆ ಹಳೇ ಪುಟದಿಂದ ಯಾರನ್ನು ಎಬ್ಬಿಸಬೇಕು ಅನ್ನುವುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.